ಕ್ಯಾರವಾನ್ ಹಿಡಿದು ತೋಟದ ಮನೆಗೆ ಹೊರಟವರಿಗೆ

ಬೆಂಗಳೂರಿನಲ್ಲಿ ನೆಲೆ ನಿಂತ ಮಲೆನಾಡಿನ ಮನೆಮಕ್ಕಳಿಗೆ,

ಯುಗಾದಿ ಹತ್ತಿರ ಬಂತು, ನಿಮ್ಮ ಮಕ್ಕಳ ಪರೀಕ್ಷೆಯೂ ಮುಗಿಯುತ್ತ ಬಂತು. ಈ ಸಲ ರಾತ್ರಿ ಬಸ್ಸು, ಕಾರು ಎಲ್ಲ ಬಿಟ್ಟು ಕ್ಯಾರವಾನ್ ಬಾಡಿಗೆಗೆ ಹಿಡಿದು ಊರಿಗೆ ಬರುವ ಯೋಚನೆ ನಿಮ್ಮಲ್ಲಿ ಹಲವರಿಗಿದೆಯೆಂದು ನಮ್ಮ ಕಿವಿಗೂ ಬಿದ್ದಿದೆ. ಶಿರಸಿ, ಸಿದ್ದಾಪುರ ಕಡೆಯ ಮದುವೆ ಮನೆಗಳಲ್ಲಿ ಊಟದ ಪಂಕ್ತಿ ಏಳುವವರೆಗೂ ಅದೇ ಸುದ್ದಿ. ಮುಂದೆ ಡ್ರೈವರು, ನಡುವೆ ಒಲೆ ಮತ್ತು ಫ್ರಿಜ್ಜು, ಹಿಂದೆ ಮಂಚ, ಮೂಲೆಯಲ್ಲೊಂದು ಪಾಯಿಖಾನೆ. ‘ಊರಲ್ಲಿ ಮನೆ ಇಟ್ಟುಕೊಂಡು ಮತ್ತೊಂದು ಮನೆ ಎಳೆದುಕೊಂಡು ಬರುವುದು ಯಾವ ಸೀಮೆಯ ಚೆಂದ’ ಎಂದು ಕೆಲವರು ಆಡಿಕೊಳ್ಳುತ್ತಾರೆ. ನಾನು ಆ ಗುಂಪಿನವನಲ್ಲ. ಬನ್ನಿ, ಆ ಗಾಡಿಯಲ್ಲೇ ಬನ್ನಿ ಎನ್ನುವವನು ನಾನು. ಆದರೆ ನನ್ನದೊಂದು ಷರತ್ತಿದೆ. ಅದಕ್ಕೆ ಮುಂಚೆ ದಾರಿಯ ಮಾತು ಆಡಿಬಿಡೋಣ.

ಬೆಂಗಳೂರಿನಿಂದ ಶಿರಸಿಗೆ ಸುಮಾರು 400 ಕಿ.ಮೀ. ಮೆಜೆಸ್ಟಿಕ್ಕಿನಲ್ಲಿ ಮುಚ್ಚಿದ ಕಣ್ಣನ್ನು ಶಿರಸಿ ಬಸ್‌ಸ್ಟ್ಯಾಂಡಿನಲ್ಲಿ ತೆರೆದು ನಿಮಗೆ ರೂಢಿ. ನಡುವಿನ ಅರ್ಧ ಕರ್ನಾಟಕವನ್ನು ನಿಮ್ಮ ಮಕ್ಕಳು ಒಮ್ಮೆಯೂ ನೋಡಿಲ್ಲ. ಕ್ಯಾರವಾನಿನ ದೊಡ್ಡ ಗುಣವೆಂದರೆ ಅದು ಓಡುವುದಿಲ್ಲ. ವ್ಯಾನಿನ ಚಾಸಿಸ್ ಮೇಲೆ ಕಪಾಟು, ಮಂಚ, ನೀರಿನ ಟಾಂಕಿ ಕೂರಿಸಿ ತಲೆಭಾರ ಮಾಡಿದ ಗಾಡಿ ಅದು. ತಿರುವಿನಲ್ಲಿ ಸ್ವಲ್ಪ ಜೋರು ಮಾಡಿದರೂ ಒಳಗಿನ ಪಾತ್ರೆ ಪಗಡೆಗಳೆಲ್ಲ ತಾಳ ಹಾಕತೊಡಗುತ್ತವೆ. ಹಾಗಾಗಿ ಹಗಲಲ್ಲೇ ಹೊರಡಿ, ಎರಡು ದಿನದ ದಾರಿ ಮಾಡಿಕೊಳ್ಳಿ. ಹಾವೇರಿಯ ಮೇಲೆ ಬಂದರೆ ಎಲ್ಲಿಯೂ ಘಾಟಿ ಹತ್ತಿಳಿಯುವ ತಾಪತ್ರಯವಿಲ್ಲ. ಶಿರಸಿ ಇರುವುದು ಘಟ್ಟದ ಮೇಲೆಯೇ.

ರಾಷ್ಟ್ರೀಯ ಹೆದ್ದಾರಿ 48 ಬೇಸರದ ದಾರಿಯೆಂದು ನೀವು ಅಂದುಕೊಂಡಿದ್ದರೆ ಅದು ಕತ್ತಲ ತಪ್ಪು. ಶಿರಾ ದಾಟುತ್ತಿದ್ದಂತೆ ನೆಲ ಒಣಗಿ ಕೆಂಪಾಗಿರುತ್ತದೆ, ಆದರೆ ಅದೇ ಹೊತ್ತಿಗೆ ಹೊಂಗೆಮರಗಳು ಎಣ್ಣೆ ಹಚ್ಚಿದಂಥ ಎಳೆಹಸಿರು ತಳೆದು ನಿಂತಿರುತ್ತವೆ. ಮಳೆ ಕಂಡು ತಿಂಗಳುಗಳಾದ ಊರಲ್ಲಿ ಈ ಮರಕ್ಕೆ ಚಿಗುರುವ ಧೈರ್ಯ ಎಲ್ಲಿಂದ ಬರುತ್ತದೆಂದು ಮಕ್ಕಳು ಕೇಳಿದರೆ ಗಾಡಿ ನಿಲ್ಲಿಸಿ, ಅದರ ನೆರಳಲ್ಲೇ ಬುತ್ತಿ ಬಿಚ್ಚಿ. ಬೇರು ಆಳಕ್ಕಿಳಿದಿದೆ ಎಂಬ ಉತ್ತರವನ್ನು ಅಲ್ಲಿ ಕೂತು ಹೇಳಿದರೆ ಸಾಕು. ಹಿರಿಯೂರಿನ ಹತ್ತಿರ ವೇದಾವತಿಗೆ ಕಟ್ಟಿದ ವಾಣಿವಿಲಾಸ ಸಾಗರವಿದೆ. ಅಲ್ಲಿಯವರ ಬಾಯಲ್ಲಿ ಅದು ಮಾರಿಕಣಿವೆ. 1907ರಲ್ಲಿ ಮುಗಿದ ಈ ಅಣೆಕಟ್ಟು 1933ರಲ್ಲಿ ಕೋಡಿ ಬಿದ್ದದ್ದು ಬಿಟ್ಟರೆ ಮತ್ತೆ ಕೋಡಿ ಹರಿದದ್ದು 2022ರಲ್ಲಿ. ಒಂದು ತಲೆಮಾರಿಗೆ ತಲೆಮಾರೇ ತುಂಬಿದ ಕೆರೆಯನ್ನು ಕಾಣದೆ ಕಳೆದ ಸೀಮೆ ಇದು. ಎರಡು ಸಾವಿರ ಲೀಟರಿನ ಟ್ಯಾಂಕರನ್ನು ಫೋನಿನಲ್ಲಿ ತರಿಸಿ ಗೊತ್ತಿರುವ ಮಕ್ಕಳಿಗೆ ಈ ಲೆಕ್ಕ ಹೇಳಿ.

ರಾತ್ರಿ ಎಲ್ಲಿ ನಿಲ್ಲುವುದೆಂಬ ಪ್ರಶ್ನೆ ಬರುತ್ತದೆ. ಕೇರಳ 2021ರಲ್ಲಿ ಕ್ಯಾರವಾನ್ ಪ್ರವಾಸಕ್ಕೆಂದೇ ನೀತಿಯೊಂದನ್ನು ತಂದು ಗಾಡಿಗಳು ತಂಗುವ ಪಾರ್ಕುಗಳಿಗೆ ಉತ್ತೇಜನ ಕೊಟ್ಟಿತು. ನಮ್ಮ ಈ ದಾರಿಯಲ್ಲಿ ಅಂಥದ್ದನ್ನು ನಂಬಿ ಹೊರಡಬೇಡಿ. ಹೆದ್ದಾರಿಯ ಅಂಚಿನಲ್ಲಂತೂ ನಿಲ್ಲಲೇಬೇಡಿ, ಲಾರಿಗಳ ಭರಾಟೆ ಅಲ್ಲಿ ರಾತ್ರಿಯೇ ಹೆಚ್ಚು. ಚಿತ್ರದುರ್ಗದಲ್ಲೋ ಹರಿಹರದಲ್ಲೋ ಕಾವಲಿರುವ ಅಂಗಳದ ಹೋಟೆಲನ್ನು ಮೊದಲೇ ಮಾತಾಡಿಟ್ಟುಕೊಳ್ಳಿ. ಬೆಳಿಗ್ಗೆ ಎದ್ದರೆ ಹರಿಹರದಲ್ಲಿ ತುಂಗಭದ್ರೆ ಬಂಡೆ ತೋರಿಸಿಕೊಂಡು ಹರಿಯುತ್ತಿರುತ್ತದೆ. ಹೊಯ್ಸಳರ ಕಾಲದ ಹರಿಹರೇಶ್ವರ ಗುಡಿಯಲ್ಲಿ ಶಿವ ಒಂದು ಪಾಲು, ವಿಷ್ಣು ಒಂದು ಪಾಲು ಒಂದೇ ಮೂರ್ತಿಯಲ್ಲಿ ನಿಂತಿದ್ದಾರೆ.

ಹೀಗೆ ಮನೆ ಕಟ್ಟಿಕೊಂಡು ತಿರುಗುವುದು ಈ ಬಯಲುಸೀಮೆಗೆ ಹೊಸದಲ್ಲ. ಮೈಲಾರದ ಜಾತ್ರೆಗೆ, ಸವದತ್ತಿ ಎಲ್ಲಮ್ಮನ ಗುಡ್ಡಕ್ಕೆ ಜನ ಕೊಲ್ಲಾರಿ ಬಂಡಿ ಹೂಡಿಕೊಂಡು ಹೋಗುತ್ತಿದ್ದರು, ಈಗಲೂ ಹೋಗುವವರಿದ್ದಾರೆ. ಮೇಲೆ ಕಮಾನು, ಒಳಗೆ ಹುಲ್ಲಿನ ಹಾಸು, ಕಟಿರೊಟ್ಟಿಯ ಗಂಟು, ಶೇಂಗಾ ಚಟ್ನಿ, ತೂಗುಹಾಕಿದ ಲಾಟೀನು. ರಾತ್ರಿಯಾದರೆ ಗಂಡಸರು ಬಂಡಿಯ ಕೆಳಗೆ, ಹೆಂಗಸರು ಮಕ್ಕಳು ಮೇಲೆ. ಅವರಲ್ಲಿ ಒಂದು ಪದ್ಧತಿಯಿತ್ತು. ಎತ್ತಿನ ಕೊರಳು ಬಿಚ್ಚುವ ಮುಂಚೆ ನೀರು ಎಲ್ಲಿದೆ, ಅದು ಯಾರದ್ದು ಎಂದು ವಿಚಾರಿಸುತ್ತಿದ್ದರು. ಈ ಪದ್ಧತಿಯನ್ನು ನೀವೂ ಇಟ್ಟುಕೊಳ್ಳಬೇಕು. ಯಾಕೆಂದು ಮುಂದೆ ಗೊತ್ತಾಗುತ್ತದೆ.

ರಾಣೆಬೆನ್ನೂರು ದಾಟಿ ಮೋಟೆಬೆನ್ನೂರಿನಲ್ಲಿ ಒಳಗೆ ತಿರುಗಿದರೆ ಬ್ಯಾಡಗಿ. ಚಳಿ ಕಳೆದ ಈ ತಿಂಗಳುಗಳಲ್ಲಿ ಅಲ್ಲಿಯ ಮೆಣಸಿನಕಾಯಿ ಮಾರುಕಟ್ಟೆ ಉಕ್ಕುತ್ತಿರುತ್ತದೆ. ಸುಕ್ಕು ಬಿದ್ದ ಕಡುಗೆಂಪು ಕಾಯಿಯ ಚೀಲಗಳು ಕಣ್ಣು ಹಾಯುವಷ್ಟು ದೂರ. ಖಾರ ಕಡಿಮೆ, ಬಣ್ಣ ಹೆಚ್ಚು ಎಂಬುದೇ ಬ್ಯಾಡಗಿಯ ಹೆಸರು, ಅದರ ಬಣ್ಣ ತೆಗೆಯುವ ಕಾರ್ಖಾನೆಗಳೂ ಇವೆ. 2011ರಲ್ಲಿ ಅದಕ್ಕೆ ಭೌಗೋಳಿಕ ಸೂಚಕದ ಮಾನ್ಯತೆಯೂ ಸಿಕ್ಕಿತು. ಖಾರ ಕಡಿಮೆಯೆಂದು ಕಿಟಕಿ ತೆರೆದಿಟ್ಟು ಒಳಗೆ ಹೋದರೆ ಮಾತ್ರ ಹಾಸಿಗೆ ದಿಂಬಿಗೆಲ್ಲ ಘಾಟು ಹತ್ತಿ, ಶಿರಸಿ ಮುಟ್ಟುವವರೆಗೂ ಇಡೀ ಸಂಸಾರ ಸೀನುತ್ತಿರಬೇಕಾಗುತ್ತದೆ. ಗಾಡಿ ಹೊರಗೆ ನಿಲ್ಲಿಸಿ ನಡೆದು ಹೋಗಿ. ಊರಮನೆಗೆ ಎರಡು ಕಿಲೋ ಕೊಂಡುಕೊಳ್ಳಿ, ಅಜ್ಜಿಗೆ ಇದಕ್ಕಿಂತ ಒಳ್ಳೆಯ ಉಡುಗೊರೆ ಮಾಲ್‌ನಲ್ಲಿ ಸಿಗುವುದಿಲ್ಲ.

ಹಾವೇರಿಯಿಂದ ಹಾನಗಲ್ಲಿನ ಕಡೆ ತಿರುಗಿದ ಮೇಲೆ ಗಾಳಿಯೇ ಬೇರೆ. ಮಾವಿನ ತೋಪುಗಳು ಶುರುವಾಗುತ್ತವೆ, ಅಲ್ಲಲ್ಲಿ ಮುತ್ತುಗ ಒಂದೂ ಎಲೆಯಿಲ್ಲದೆ ಬರೀ ಹೂ ಹೊತ್ತು ನಿಂತಿರುತ್ತದೆ. ಬನವಾಸಿ ಬರುವ ಹೊತ್ತಿಗೆ ಬಯಲು ಮುಗಿದು ಮಲೆನಾಡಿನ ಸೆರಗು ಸಿಕ್ಕಿರುತ್ತದೆ. ಮೂರು ಕಡೆ ವರದೆ ಬಳಸಿದ ಕದಂಬರ ರಾಜಧಾನಿ, ಮಧುಕೇಶ್ವರನ ಗುಡಿ, ಸುತ್ತ ಅನಾನಸಿನ ಹೊಲ. ಆದಿಕವಿ ಪಂಪ ಈ ನಾಡನ್ನು ಹಂಬಲಿಸಿ ನೆನೆದದ್ದೂ ತಂಗಾಳಿ, ಮಲ್ಲಿಗೆಗಳ ನೆಪದಲ್ಲೇ. ನೀವು ಸರಿಯಾದ ಋತುವಿನಲ್ಲೇ ಬಂದಿದ್ದೀರಿ.

ಇಲ್ಲಿಂದ ಮುಂದೆ ನಮ್ಮ ಹದ್ದು. ಈಗ ನನ್ನ ಮಾತು ಸ್ವಲ್ಪ ಬಿಗಿಯಾಗುತ್ತದೆ, ಬೇಸರಿಸಬೇಡಿ.

ಮೊದಲನೆಯದು, ಗಾಡಿ ಮನೆಯ ಅಂಗಳದವರೆಗೆ ಬರುವುದಿಲ್ಲ. ಡಾಂಬರು ಮುಗಿದ ಮೇಲಿನ ರಸ್ತೆ ಜೀಪು, ಪಿಕಪ್ಪುಗಳ ಅಳತೆಗೆ ಆದದ್ದು. ಕಾಲುವೆಗೆ ಹಾಕಿದ ಕಿರುಮೋರಿ ತೋಟದ ಅಡಿಕೆಮೂಟೆ ತಾಳುತ್ತದೆ, ನಿಮ್ಮ ಚಕ್ರದ ಮೇಲಿನ ಮನೆಯನ್ನು ತಾಳುತ್ತದೆಂಬ ಖಾತ್ರಿ ಇಲ್ಲ. ಹೋದ ಬೇಸಿಗೆ ನಮ್ಮ ಪಕ್ಕದ ಕೇರಿಗೆ ಇಂಥದ್ದೊಂದು ಗಾಡಿ ಬಂದಿತ್ತು. ಅದರ ಚಾವಣಿಯ ಮೇಲಿನ ಏಸಿ ಪೆಟ್ಟಿಗೆ ಹಲಸಿನ ಕೊಂಬೆಗೆ ತಗಲಿ ಮುಂದೂ ಹೋಗದೆ, ತಿರುಗಿಸಲು ಜಾಗವೂ ಇಲ್ಲದೆ, ಡ್ರೈವರು ಫರ್ಲಾಂಗುಗಟ್ಟಲೆ ಹಿಮ್ಮುಖ ಹೊಡೆಯಬೇಕಾಯಿತು. ಊರವರೆಲ್ಲ ಸೇರಿ ‘ಬಲ, ಬಲ, ಎಡ’ ಎಂದು ಕೂಗಿದ್ದೇ ಕೂಗಿದ್ದು. ಶಾಲೆಯ ಬಯಲಲ್ಲೋ ಸೊಸೈಟಿಯ ಮುಂದೋ ಕೇಳಿಕೊಂಡು ನಿಲ್ಲಿಸಿ. ಅಲ್ಲಿಂದ ಮನೆಗೆ ನಡಿಗೆ.

ಹಾಗೊಮ್ಮೆ ರಸ್ತೆ ಇದ್ದರೂ ಅಂಗಳ ಖಾಲಿ ಇರುವುದಿಲ್ಲ. ಈ ಹೊತ್ತಿಗೆ ಕೊಯ್ಲು ಮುಗಿದು ಚಾಲಿ ಅಡಿಕೆ ಬಿಸಿಲಿಗೆ ಬಿದ್ದಿರುತ್ತದೆ. ಹಣ್ಣಡಿಕೆಯನ್ನು ಸಿಪ್ಪೆ ಸಮೇತ ಹರವಿ ಸುಮಾರು ಒಂದೂವರೆ ತಿಂಗಳು ಒಣಗಿಸಿದರೆ ಚಾಲಿ. ಕಾಲಿನಲ್ಲಿ ಸಾಲು ಎಳೆಯುತ್ತ ದಿನವೂ ಅದನ್ನು ಕದಡಬೇಕು, ಎಲ್ಲ ಮಗ್ಗುಲಿಗೂ ಬಿಸಿಲು ತಾಗಬೇಕು. ಸಂಜೆ ಗುಡುಗಿನ ಸದ್ದು ಕೇಳಿದರೆ ಮನೆಮಂದಿಯೆಲ್ಲ ತಾಡಪತ್ರಿ ಹಿಡಿದು ಓಡಬೇಕು. ಒಂದು ಅಡ್ಡಮಳೆ ತೋಯಿಸಿದರೆ ಅಡಿಕೆಯ ಬಣ್ಣ ಹೋಯಿತು, ಬಣ್ಣದೊಂದಿಗೆ ದರವೂ ಹೋಯಿತು. ಇನ್ನೊಂದು ಮೂಲೆಯ ಚಾಪೆಯಲ್ಲಿ ಕಾಳುಮೆಣಸು. ಹೀಗೆ ವರ್ಷದ ಆದಾಯವೆಲ್ಲ ನೆಲದ ಮೇಲೆ ಬಿಚ್ಚಿಕೊಂಡು ಬಿದ್ದಿರುವ ಕಾಲದಲ್ಲಿ ನಿಮ್ಮ ಸವಾರಿ ಬರುತ್ತದೆ.

ಎರಡನೆಯದು ನೀರು. ಮಳೆಗಾಲದ ಮಲೆನಾಡನ್ನು ನೋಡಿ ನೀರಿನ ಲೆಕ್ಕ ಹಾಕಬೇಡಿ. ಚೈತ್ರದಲ್ಲಿ ಬಾವಿಯ ಮೆಟ್ಟಿಲುಗಳು ಒಂದೊಂದಾಗಿ ಕಾಣತೊಡಗುತ್ತವೆ, ಹಳ್ಳದ ಹರಿವು ಎಳೆಯಾಗುತ್ತದೆ, ಇರುವ ನೀರಲ್ಲೇ ಅಡಿಕೆಯ ಬುಡ ತಣಿಯಬೇಕು, ಆಗಷ್ಟೇ ಬಿಚ್ಚಿದ ಸಿಂಗಾರ ಕಾಯಿ ಕಟ್ಟಬೇಕು. ಕ್ಯಾರವಾನಿನ ಟಾಂಕಿಯನ್ನು ಪೇಟೆಯಲ್ಲೇ ತುಂಬಿಸಿ ತನ್ನಿ. ಪಾತ್ರೆ ತೊಳೆದ, ಮಿಂದ ನೀರು ಸಾಬೂನಿನದು, ತೋಟದ ಕಾದಿಗೆಗೆ ಬಿಡಬೇಡಿ. ಪಾಯಿಖಾನೆಯ ಟಾಂಕಿಯ ವಿಷಯ ಇನ್ನೂ ಸೂಕ್ಷ್ಮ. ವಾಸನೆ ಬಾರದಿರಲೆಂದು ಅದಕ್ಕೆ ಹಾಕುವ ಔಷಧಿ ಸೂಕ್ಷ್ಮಜೀವಿಗಳನ್ನು ಕೊಲ್ಲುವಂಥದ್ದು. ‘ಹೇಗೂ ಗೋಬರ್ ಗ್ಯಾಸಿನ ಗುಂಡಿ ಇದೆಯಲ್ಲ, ಅದಕ್ಕೇ ಸುರಿದರಾಯಿತು’ ಎಂದು ಯಾರಾದರೂ ಹೇಳಿದರೆ ತಡೆಯಿರಿ. ಸಗಣಿಯನ್ನು ಅನಿಲ ಮಾಡುವವು ಅದೇ ಸೂಕ್ಷ್ಮಜೀವಿಗಳು. ಅವು ಸತ್ತರೆ ನೀವು ಹೋದ ಮೇಲೆ ಎಷ್ಟೋ ದಿನ ಒಲೆ ಹತ್ತುವುದಿಲ್ಲ. ಗಾಡಿ ಕೊಟ್ಟವರ ಬಳಿಯೇ ಟಾಂಕಿ ಎಲ್ಲಿ ಖಾಲಿ ಮಾಡಬೇಕೆಂದು ಮೊದಲೇ ಕೇಳಿಕೊಳ್ಳಿ.

ಏಸಿಯ ಆಸೆ ಬಿಡಿ. ಸಾಮಾನ್ಯ ಒಂದೂವರೆ ಟನ್ನಿನ ಯಂತ್ರವೇ ಒಂದೂವರೆ ಕಿಲೋವ್ಯಾಟಿನ ಆಸುಪಾಸು ಎಳೆಯುತ್ತದೆ, ನಮ್ಮ ಕರೆಂಟು ಸಂಜೆಯಾದರೆ ಬಲ್ಬನ್ನೇ ಮಿಣುಕಿಸುವಂಥದ್ದು. ಕಿಟಕಿ ತೆರೆದಿಟ್ಟರೆ ಬೆಳಗಿನ ಜಾವಕ್ಕೆ ಹೊದಿಕೆ ಎಳೆದುಕೊಳ್ಳುವಷ್ಟು ತಂಪು ತಾನಾಗಿ ಬರುತ್ತದೆ.

ಮೂರನೆಯದು ಬೆಟ್ಟ. ಉತ್ತರ ಕನ್ನಡದಲ್ಲಿ 1 ಎಕರೆ ತೋಟಕ್ಕೆ 9 ಎಕರೆಯವರೆಗೆ ಸೊಪ್ಪಿನ ಬೆಟ್ಟದ ಸವಲತ್ತು ಬ್ರಿಟಿಷರ ಕಾಲದಿಂದ ಬಂದದ್ದು. ಅಲ್ಲಿಯ ಸೊಪ್ಪು, ದರಕು ಕೊಟ್ಟಿಗೆಗೆ ಬಂದು, ಗೊಬ್ಬರವಾಗಿ ತೋಟಕ್ಕೆ ಇಳಿಯಬೇಕು. ಈಗ ಆ ದರಕು ಮೊಳಕಾಲುದ್ದ ಒಣಗಿ ಬಿದ್ದಿದೆ. ಕ್ಯಾಂಪ್‌ಫೈರ್ ಎಂಬ ಮಾತನ್ನು ಮಾತ್ರ ಎತ್ತಬೇಡಿ, ಒಂದು ಕಿಡಿ ಸಾಕು. ಮಂಗನ ಕಾಯಿಲೆಯ ಕಾಲವೂ ಇದೇ. ಸೊರಬ ಸೀಮೆಯ ಕ್ಯಾಸನೂರಿನ ಕಾಡಿನಲ್ಲಿ 1957ರಲ್ಲಿ ಮೊದಲು ಪತ್ತೆಯಾದ ಈ ಜ್ವರ ಉಣುಗುಗಳಿಂದ ಹರಡುತ್ತದೆ, ಬೇಸಿಗೆ ಮುಗಿಯುವವರೆಗೂ ಅದರ ಭಯ ತಪ್ಪಿದ್ದಲ್ಲ. ಚಡ್ಡಿ ಹಾಕಿದ ಮಕ್ಕಳನ್ನು ಬೆಟ್ಟಕ್ಕೆ ಕಳಿಸಬೇಡಿ. ಹೋಗಲೇಬೇಕಾದರೆ ಮೈತುಂಬ ಬಟ್ಟೆ, ಆರೋಗ್ಯ ಇಲಾಖೆಯವರು ಕೊಡುವ ಡೆಪಾ ಎಣ್ಣೆ, ಬಂದ ಮೇಲೆ ಬಿಸಿನೀರಿನ ಸ್ನಾನ. ಸತ್ತ ಮಂಗ ಕಂಡರೆ ಹತ್ತಿರ ಹೋಗದೆ ಊರವರಿಗೆ ತಿಳಿಸಿ.

ಇಷ್ಟೆಲ್ಲ ಬೇಡಗಳನ್ನು ಕೇಳಿ ‘ಹಾಗಾದರೆ ಈ ಮಾರಾಯ ಬನ್ನಿ ಎನ್ನುವುದೇಕೆ’ ಎನಿಸಿರಬೇಕು. ಹೇಳುತ್ತೇನೆ.

ನಿಮ್ಮ ತೋಟದ ಮನೆಯಲ್ಲಿ ಈಗ ಇರುವವರು ಯಾರು? ಹೆಚ್ಚಿನ ಕಡೆ ಎಪ್ಪತ್ತು ದಾಟಿದ ಇಬ್ಬರು. ಕೆಲವು ಮನೆಗಳಲ್ಲಿ ಒಬ್ಬರೇ. ಹದಿನಾರು ಕಂಬದ ಮನೆಯಲ್ಲಿ ದೀಪ ಹಚ್ಚುವುದು ಅಡಿಗೆಮನೆ, ಜಗುಲಿ ಎರಡಕ್ಕೇ. ನೀವು ಆರೇಳು ಜನ ಬರುತ್ತೀರಿ ಎಂದ ಕೂಡಲೇ ಆ ಇಬ್ಬರೂ ಅಟ್ಟದ ಮೇಲಿನ ಹಾಸಿಗೆ ಇಳಿಸಿ ಬಿಸಿಲಿಗೆ ಹಾಕಲು ತೊಡಗುತ್ತಾರೆ. ಹಂಡೆಗೆ ಕಟ್ಟಿಗೆ ಒಟ್ಟುತ್ತಾರೆ, ತೊಡೆದೇವಿನ ಮಡಕೆ ಹುಡುಕುತ್ತಾರೆ, ಕೆಲಸದವಳು ಬರುತ್ತಾಳೋ ಇಲ್ಲವೋ ಎಂದು ರಾತ್ರಿ ನಿದ್ದೆ ಬಿಡುತ್ತಾರೆ. ಮೊಮ್ಮಕ್ಕಳು ಬಂದ ಸಂತೋಷ ಎಷ್ಟು ನಿಜವೋ, ನೀವು ಹೊರಟ ಮೇಲೆ ಅಜ್ಜಿ ನಾಲ್ಕು ದಿನ ಸೊಂಟ ಹಿಡಿದು ಮಲಗುವುದೂ ಅಷ್ಟೇ ನಿಜ. ಫೋನಿನಲ್ಲಿ ಅವರು ಇದನ್ನು ಹೇಳುವುದಿಲ್ಲ. ಪಕ್ಕದ ಮನೆಯವನಾದ ನಾನು ಹೇಳುತ್ತಿದ್ದೇನೆ.

ಹಾಸಿಗೆ, ನೀರು, ಪಾಯಿಖಾನೆ ಎಲ್ಲವನ್ನೂ ತನ್ನ ಜೊತೆಗೇ ತರುವ ಗಾಡಿ ಈ ಹೊರೆಯನ್ನು ಅರ್ಧ ಇಳಿಸುತ್ತದೆ. ಮಲಗುವುದು ಅಲ್ಲಿ, ಬೆಳಗಿನ ಚಹಾ ಅಲ್ಲಿ, ಬಟ್ಟೆಬರೆಯ ರಾಶಿ ಅಲ್ಲಿ. ಮಧ್ಯಾಹ್ನದ ಊಟ ಮಾತ್ರ ಮನೆಯಲ್ಲಿ, ಅದೂ ನೀವೇ ಸೌತೆ ಹೆಚ್ಚಿ, ಕಾಯಿ ತುರಿದು, ಬಡಿಸಿ. ಎಳೆ ಹಲಸಿನ ಪಲ್ಯ, ಒಂದು ತಂಬುಳಿ, ಲೋಟದಲ್ಲಿ ಅಪ್ಪೆಹುಳಿ ಇದ್ದರೆ ಚೈತ್ರದ ಮಧ್ಯಾಹ್ನಕ್ಕೆ ಬೇರೇನೂ ಬೇಡ. ಅಪ್ಪೆಹುಳಿ ಕುಡಿದ ಮೇಲೆ ಬರುವ ನಿದ್ದೆಗೆ ಅಂಗಡಿಯಲ್ಲಿ ಮಾತ್ರೆ ಸಿಗುವುದಿಲ್ಲ.

ಈಗ ನನ್ನ ಷರತ್ತು. ಬಂದ ಮೇಲೆ ಒಂದೆರಡು ದಿನ ಆ ಗಾಡಿಯನ್ನು ಅಜ್ಜ ಅಜ್ಜಿಗೆ ಬಿಟ್ಟುಕೊಡಿ. ಅವರು ಹೋಗಿಬರಲಿ, ತೋಟ ನೀವು ನೋಡಿಕೊಳ್ಳಿ.

ಹೋದ ಬೇಸಿಗೆಯ ಗಾಡಿಯ ವಿಷಯ ಹೇಳಿದೆನಲ್ಲ, ಕೊನೆಗೆ ಅದು ಶಾಲೆಯ ಬಯಲಲ್ಲಿ ನಿಂತಾಗ ನೋಡಲು ಹೋದವರಲ್ಲಿ ನಮ್ಮ ಕೇರಿಯ ಒಬ್ಬ ಅಜ್ಜಿಯೂ ಇದ್ದರು. ಮೊದಲ ಮೆಟ್ಟಿಲು ಮೊಳಕಾಲೆತ್ತರ. ಇಬ್ಬರು ಕೈ ಹಿಡಿದು ಹತ್ತಿಸಿದೆವು. ಕಪಾಟು ತೆರೆದು ನೋಡಿದರು, ನಲ್ಲಿ ತಿರುಗಿಸಿದರು, ಮಂಚವನ್ನು ಅಂಗೈಯಿಂದ ಒತ್ತಿ ನೋಡಿದರು. ಆಮೇಲೆ ಪಾಯಿಖಾನೆಯ ಬಾಗಿಲು ತೆರೆದು ಸ್ವಲ್ಪ ಹೊತ್ತು ನಿಂತು, ‘ಇದ್ರಲ್ಲಾದ್ರೆ ಗೋಕರ್ಣಕ್ಕೆ ಹೋಪಲೆ ಅಡ್ಡಿಲ್ಲೆ’ ಅಂದರು. ಗೋಕರ್ಣ ನಮಗೆ ನೂರು ಕಿಲೋಮೀಟರೂ ಇಲ್ಲ. ಮೊಳಕಾಲು ನೋವು, ಸಕ್ಕರೆ ಕಾಯಿಲೆ, ಗಂಟೆಗೊಮ್ಮೆ ಮೂತ್ರಕ್ಕೆ ಏಳುವ ಅವಸ್ಥೆ. ಇವು ಮೂರೇ ಅವರನ್ನು ಬಸ್ಸಿನಿಂದ, ಕಾರಿನಿಂದ, ಮದುವೆ ಮುಂಜಿಗಳಿಂದ ದೂರ ಇಟ್ಟಿದ್ದವು. ನಿಮಗೆ ಆ ಮೂಲೆಯ ಪೆಟ್ಟಿಗೆ ಒಂದು ಸೌಕರ್ಯ. ಅವರಿಗೆ ಅದೊಂದಿದ್ದರೆ ಊರು ದಾಟಬಹುದು.

ಇನ್ನೊಂದು ಅಡ್ಡಿ ಕೊಟ್ಟಿಗೆ. ಹಸು ಕಟ್ಟಿದವನಿಗೆ ಪ್ರವಾಸವಿಲ್ಲ. ಬೆಳಗಿನ ಹಾಲು ಕರೆದು ಹೊರಟರೆ ಸಂಜೆಯ ಹಾಲಿಗೆ ಮರಳಬೇಕು. ನೀರಿನ ಸರದಿ, ಅಂಗಳದ ಚಾಲಿ, ಮಂಗ ಓಡಿಸುವುದು ಎಲ್ಲವೂ ಕಾಲಿಗೆ ಕಟ್ಟಿದ ಹಗ್ಗ. ಹಾಗಾಗಿ ಬಂದ ಮೊದಲೆರಡು ದಿನ ಅಜ್ಜನ ಹಿಂದೆಯೇ ತಿರುಗಿ. ಯಾವ ವಾಲ್ವು ಯಾವ ಭಾಗಕ್ಕೆ, ಪಂಪಿಗೆ ಕರೆಂಟು ಎಷ್ಟು ಹೊತ್ತಿಗೆ, ಯಾವ ಹಸು ಒದೆಯುತ್ತದೆ, ಕರುವಿಗೆ ಎಷ್ಟು ಹಾಲು ಬಿಡಬೇಕು, ಎಲ್ಲ ಬರೆದಿಟ್ಟುಕೊಳ್ಳಿ. ಹಾಲು ಕರೆಯಲು ಬಾರದಿದ್ದರೆ ಪಕ್ಕದ ಮನೆಗೆ ಹೇಳಿ, ಬಂದು ಕರೆದುಕೊಡುತ್ತೇವೆ. ಸಗಣಿ ಬಾಚುವುದಕ್ಕೆ ಮಾತ್ರ ನಿಮ್ಮ ಡಿಗ್ರಿ ಸಾಕು.

ಹೋಗುವ ಊರನ್ನು ನೀವು ಗೊತ್ತುಮಾಡಬೇಡಿ, ಅವರನ್ನೇ ಕೇಳಿ. ಅಜ್ಜ ಇಕ್ಕೇರಿ, ಕೆಳದಿ ಎನ್ನಬಹುದು. ಅಜ್ಜಿ ಸಿದ್ದಾಪುರದಾಚೆಯ ತನ್ನ ತವರುಮನೆ ಎನ್ನಬಹುದು. ಅಲ್ಲಿ ಈಗ ಅಣ್ಣನ ಮಗನೂ ಇಲ್ಲದೆ ಬಾಗಿಲು ಹಾಕಿರಬಹುದು, ಆದರೂ ಅಂಗಳದ ಸುರಗಿ ಮರ ಈ ತಿಂಗಳಲ್ಲೇ ಹೂ ಬಿಡುವುದು. ಸಮುದ್ರ ಬೇಕೆಂದರೆ ದೇವಿಮನೆ ಘಟ್ಟ ಇಳಿಯಬೇಕು, ಡ್ರೈವರಿಗೆ ನಿಧಾನವೆಂದು ಹೇಳಿ. ಜೊತೆಗೆ ನಿಮ್ಮಲ್ಲೊಬ್ಬರು ಹೋಗಿ, ಅವರ ಮಾತ್ರೆಗಳನ್ನು ಹೊತ್ತಿಗೆ ಸರಿಯಾಗಿ ಕೊಡಲು. ಹತ್ತಲು ಗಟ್ಟಿಯಾದ ಒಂದು ಮೆಟ್ಟುಮಣೆ, ಹಿಡಿಯಲು ಬಾಗಿಲಲ್ಲಿ ಒಂದು ಸರಳು ಇರುವ ಗಾಡಿಯನ್ನೇ ಬಾಡಿಗೆಗೆ ಹಿಡಿಯಿರಿ. ಒಳಗಿನ ಟಿ.ವಿ. ಎಷ್ಟು ಇಂಚಿನದೆಂದು ಕೇಳುವ ಮುಂಚೆ ಇದನ್ನು ಕೇಳಿ.

ಮುಂಗಡ ಕಟ್ಟುವ ಮೊದಲು ಮನೆಗೆ ಒಂದು ಫೋನು ಮಾಡಿ. ಬಾವಿಯಲ್ಲಿ ನೀರು ಎಷ್ಟಿದೆ, ಚಾಲಿ ಎಂದು ಏಳುತ್ತದೆ, ಯಾವ ಹಸು ಈಯುವುದಿದೆ, ಈ ಮೂರು ವಿಚಾರಿಸಿ. ನಿಮ್ಮ ಆಫೀಸಿನ ರಜೆಯ ಪಟ್ಟಿಯನ್ನು ಆ ಉತ್ತರಗಳ ಪಕ್ಕ ಇಟ್ಟು ದಿನ ಗೊತ್ತುಮಾಡಿ. ಯುಗಾದಿಗೇ ಬರಬೇಕೆಂದೇನಿಲ್ಲ, ಹದಿನೈದು ದಿನ ತಡವಾದರೆ ಮುರುಗಲು ಹಣ್ಣಾಗಿರುತ್ತದೆ. ಆಮೇಲೆ ಅಜ್ಜಿಯನ್ನೇ ಫೋನಿಗೆ ಕರೆದು, ‘ನಾವು ಮನೆ ನೋಡ್ಕೋತೇವೆ, ನೀವು ಎಲ್ಲಿಗೆ ಹೋಗ್ತೀರಿ’ ಎಂದು ಕೇಳಿ. ಮೊದಲ ಸಲಕ್ಕೆ ‘ನಮಗೆಂಥಕ್ಕೆ ಅದೆಲ್ಲ’ ಎಂದೇ ಬರುತ್ತದೆ ಉತ್ತರ. ಅಲ್ಲಿಗೆ ಬಿಡದೆ ಮಾರನೆಯ ದಿನ ಮತ್ತೆ ಕೇಳಿ.

ಇತಿ,
ತೋಟದಲ್ಲೇ ಉಳಿದ ನಿಮ್ಮ ನೆರೆಯವನು